ಕೀಲುನೋವೂ ಹಿಂಗಾರಿನ ಅಗಸೆಯೂ

ಎತ್ತುಗಳೂ ಬೀಜವೂ ಸಿದ್ಧವಿದ್ದರೂ ರೈತನ ಮೊಣಕಾಲುಗಳು ಸೋತರೆ ಹೊಲವು ಬೀಳುಬೀಳುವುದು. ಕೀಲುವಾತವು ಆಹಾರಮಾತ್ರದಿಂದ ಗುಣವಾಗತಕ್ಕದ್ದಲ್ಲ. ಆದರೂ ತಕ್ಕ ಆಹಾರದಿಂದ ನೋವು ತಗ್ಗುವುದುಂಟು.

ಮೊದಲನೆಯದಾಗಿ, ದೇಹದ ಭಾರವನ್ನು ಇಳಿಸಬೇಕು. ಸ್ಥೂಲಕಾಯರು 1 ಕಿಲೋ ಇಳಿದರೆ ನಡೆಯುವಾಗ ಹೆಜ್ಜೆಹೆಜ್ಜೆಗೂ ಮೊಣಕಾಲಿನ ಮೇಲೆ ಸುಮಾರು 4 ಕಿಲೋ ಹೊರೆಯು ಕಡಿಮೆಯಾಗುವುದೆಂದು 2005ರಲ್ಲಿ ಪ್ರಕಟವಾದ ಪರಿಶೋಧನೆಯಿಂದ ತಿಳಿದಿದೆ. ಆದುದರಿಂದ ಸಿಹಿಯೂ ಕರಿದ ತಿಂಡಿಯೂ ಮಿತವಾಗಿರಲಿ.

ಎರಡನೆಯದು ಅಗಸೆ. ಇದರ ಎಣ್ಣೆಯಲ್ಲಿ ಸುಮಾರು ಅರ್ಧ ಭಾಗವು ಒಮೆಗಾ-3 ವರ್ಗದ ಕೊಬ್ಬು. ಕೀಲಿನ ಉರಿಯೂತವನ್ನು ತಗ್ಗಿಸುವುದರಲ್ಲಿ ಇದು ಮೀನೆಣ್ಣೆಯಷ್ಟು ಬಲವುಳ್ಳದ್ದಲ್ಲ. ಆದರೆ ಮೀನು ತಿನ್ನದವರಿಗೆ ಸುಲಭಸಾಧ್ಯವಾದುದು. ಧಾರವಾಡ, ವಿಜಯಪುರ ಸೀಮೆಗಳ ಎರೆಭೂಮಿಯಲ್ಲಿ ಹಿಂಗಾರಿನ ಕಡಲೆಯ ನಡುವೆ ಅಕ್ಕಡಿಸಾಲಾಗಿ ಇದನ್ನು ಬೆಳೆಯಬಹುದು. ಇಡೀ ಕಾಳು ಸರಿಯಾಗಿ ಜೀರ್ಣವಾಗದಾದುದರಿಂದ ಹುರಿದು, ಕುಟ್ಟಿ, ಚಟ್ನಿಪುಡಿಮಾಡಿ ಜೋಳದ ರೊಟ್ಟಿಯೊಡನೆ ಉಣ್ಣತಕ್ಕದ್ದು.

ಕೀಲು ಕೆಂಪೇರಿ, ಬಾತುಕೊಂಡು, ಬಿಸಿಯಾದರೆ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ವೈದ್ಯರಿಗೆ ತೋರಿಸಬೇಕು.

ಗ್ರಾಮದ ಮುಖಂಡರೂ ಜಮೀನುದಾರರೂ ಬರುವ ಹಿಂಗಾರಿನಲ್ಲಿ ನಾಲ್ಕು ಸಾಲು ಅಗಸೆಯನ್ನು ತಮ್ಮ ಹೊಲದಲ್ಲಿ ಬಿತ್ತಿಸಿ, ಇತರರಿಗೆ ಮೇಲ್ಪಂಕ್ತಿಯಾಗಬೇಕೆಂದು ಕೋರುತ್ತೇವೆ.