ಬಂದೂಕಿನ ಮೈಮೇಲಿನ ಶಾಸನ

ಧಾರವಾಡದವರಿಗೆ ಶಾಸನವೆಂದರೇನೆಂದು ಹೊಸದಾಗಿ ಹೇಳಬೇಕಾಗಿಲ್ಲ. 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿದಂದಿನಿಂದ, ಕಲ್ಲಿನ ಮೇಲಿನ ಸವೆದ ಅಕ್ಷರಗಳನ್ನು ತಡವಿ ತಡವಿ ಕಾಲವನ್ನು ಗೊತ್ತುಪಡಿಸುವ ವಿದ್ವಾಂಸರನ್ನು ಈ ಊರು ಕಾಣುತ್ತಲೇ ಬಂದಿದೆ. ಆದರೆ ಉಕ್ಕಿನ ಮೇಲೆಯೂ ಶಾಸನಗಳುಂಟು. ಸೈನ್ಯವೋ ಪೋಲೀಸು ಪಡೆಯೋ ಬಳಸಿ ಬದಿಗಿಟ್ಟ ಹಳೆಯ ರೈಫಲೊಂದನ್ನು ಬೆಳಕಿಗೆ ಹಿಡಿದು ನೋಡಿದರೆ, ಅರಸನ ಹೆಸರು, ಕಾರಖಾನೆಯ ಹೆಸರು, ವರ್ಷ, ಅನುಕ್ರಮ ಸಂಖ್ಯೆ, ಪರೀಕ್ಷಕರ ಮುದ್ರೆ, ಇವೆಲ್ಲ ಅದರ ಮೈಮೇಲೆ ಒತ್ತಿ ಕೂತಿರುತ್ತವೆ. ಓದಬಲ್ಲವರಿಗೆ ಅದು ಒಂದು ಸಣ್ಣ ತಾಮ್ರಪಟವೇ ಸರಿ.

ನಮ್ಮ ಕಡೆಯ ಹಳಬರು ‘ತ್ರೀ ನಾಟ್ ತ್ರೀ’ ಎಂದು ಕರೆಯುತ್ತಿದ್ದ ಲೀ-ಎನ್‌ಫೀಲ್ಡ್ ರೈಫಲನ್ನೇ ತೆಗೆದುಕೊಳ್ಳೋಣ. ನಳಿಕೆಯ ವ್ಯಾಸ 0.303 ಅಂಗುಲ, ಮ್ಯಾಗಜೀನಿನಲ್ಲಿ ಹತ್ತು ತೋಟೆ, ನಳಿಕೆಯೊಳಗೆ ಎಡಕ್ಕೆ ತಿರುಗಿದ ಐದು ಸುರುಳಿಗೆರೆ. ಕುದುರೆಯ ಹಿಂದೆ, ಮರವು ಉಕ್ಕನ್ನು ಸೇರುವ ಕಡೆ, ಅಂಗೈಯಷ್ಟೂ ಇಲ್ಲದ ಒಂದು ಲೋಹದ ಪಟ್ಟಿಯುಂಟು. ಶಾಸನದ ಮುಖ್ಯ ಪಾಠವಿರುವುದು ಇದರ ಬಲಮಗ್ಗುಲಲ್ಲಿ. ಮೇಲೆ ಕಿರೀಟ, ಕೆಳಗೆ ಅರಸನ ಹೆಸರಿನ ಮೊದಲಕ್ಷರಗಳು, ಆಮೇಲೆ ಕಾರಖಾನೆ, ವರ್ಷ, ಮಾದರಿ. ಅರಸನ ಅಕ್ಷರಗಳು ‘ಜಿ.ಆರ್.’ ಎಂದಷ್ಟೇ ಇದ್ದರೆ ಅದು ವಿಲಾಯತಿಯದೋ ಆಸ್ಟ್ರೇಲಿಯದ್ದೋ ಆಗಿರಬಹುದು, ‘ಜಿ.ಆರ್.ಐ.’ ಎಂದಿದ್ದರೆ ಕೊನೆಯ ಅಕ್ಷರ ‘ಚಕ್ರವರ್ತಿ’ಯನ್ನು ಸೂಚಿಸುತ್ತದೆ, ಬಂದೂಕು ಬಂಗಾಲದ ಈಶಾಪುರದಲ್ಲಿ ಹುಟ್ಟಿದ್ದು. ಸ್ವಾತಂತ್ರ್ಯ ಬಂದ ಮೇಲೆ ಅದೇ ಈಶಾಪುರದಲ್ಲಿ ಕಿರೀಟದ ಜಾಗಕ್ಕೆ ಅಶೋಕನ ಸಿಂಹಗಳು ಬಂದವು. ಯಂತ್ರ ಅದೇ, ಮುದ್ರೆ ಮಾತ್ರ ಬೇರೆ. ಒಂದು ರಾಜ್ಯ ಹೋಗಿ ಮತ್ತೊಂದು ಬಂದುದನ್ನು ಇಷ್ಟು ಸಂಕ್ಷೇಪವಾಗಿ ಹೇಳಿದ ಇತಿಹಾಸ ಗ್ರಂಥವನ್ನು ನಾನು ಕಂಡಿಲ್ಲ.

ಇಷ್ಟಕ್ಕೇ ತೃಪ್ತರಾಗಬಾರದು. ಅನುಕ್ರಮ ಸಂಖ್ಯೆ ಒಂದೇ ಕಡೆ ಇರುವುದಿಲ್ಲ. ಉಕ್ಕಿನ ಮೈ, ನಳಿಕೆ, ಬೋಲ್ಟಿನ ಹಿಡಿಕೆಯ ಬುಡ, ಗುರಿಪಟ್ಟಿ, ಮೂತಿಯ ಕಟ್ಟು, ಈ ಎಲ್ಲ ಕಡೆ ಅದೇ ಸಂಖ್ಯೆ ಮರುಕಳಿಸಬೇಕು. ಬೋಲ್ಟಿನ ಸಂಖ್ಯೆ ಬೇರೆಯಾಗಿದ್ದರೆ, ಯಾವುದೋ ದುರಸ್ತಿ ಶಾಲೆಯಲ್ಲಿ ಒಂದರ ಅಂಗ ಮತ್ತೊಂದಕ್ಕೆ ಸೇರಿದೆಯೆಂದು ತಿಳಿಯಬೇಕು. ಇದು ಬರಿಯ ಪಾಂಡಿತ್ಯದ ಮಾತಲ್ಲ. ಬೋಲ್ಟಿನ ಮುಖಕ್ಕೂ ತೋಟೆಯ ಬುಡಕ್ಕೂ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚಿದರೂ ತೋಟೆ ಹಿಂದಕ್ಕೆ ಒಡೆದು, ಹಾರಿಸುವವನ ಕಣ್ಣಿಗೇ ಅಪಾಯ ತಂದೀತು.

ಈಗ ನಳಿಕೆಯೊಳಗೆ ಇಣುಕಿ ನೋಡಬೇಕು. ಸುರುಳಿಗೆರೆಗಳೇ ಇಲ್ಲದೆ ಒಳಮೈ ಕನ್ನಡಿಯಂತೆ ನುಣುಪಾಗಿದ್ದು, ಮ್ಯಾಗಜೀನಿನ ಬಾಯಿಗೆ ಮರದ ತುಂಡು ಬಡಿದಿದ್ದರೆ, ಅದು ಸವೆದು ಹಾಗಾದದ್ದಲ್ಲ. ಬೇಕೆಂದೇ ಹಾಗೆ ಮಾಡಿದ್ದು. ಹಿಂದುಸ್ತಾನದ ಪೋಲೀಸರಿಗೂ ಕಾವಲುಗಾರರಿಗೂ ಕೊಡುವುದಕ್ಕಾಗಿ 303 ರೈಫಲುಗಳ ನಳಿಕೆಯನ್ನು 0.410 ಅಂಗುಲಕ್ಕೆ ಕೊರೆದು, ಒಂದೊಂದೇ ತೋಟೆ ತುಂಬುವ ಮಸ್ಕೆಟ್ಟುಗಳನ್ನಾಗಿ ಇಳಿಸುತ್ತಿದ್ದರು. ಗೆರೆಯಿಲ್ಲದ ನಳಿಕೆಯಿಂದ ಹೊರಟ ಗುಂಡು ದೂರಕ್ಕೆ ನೆಟ್ಟಗೆ ಹೋಗದು. ಹತ್ತು ತೋಟೆಯ ಜಾಗದಲ್ಲಿ ಒಂದೇ. ನಾಳೆ ಆ ಬಂದೂಕು ತಿರುಗಿ ನಿಂತರೂ ದೊರೆಗಳಿಗೆ ಹೆಚ್ಚಿನ ಹಾನಿಯಿಲ್ಲ! ಈ ಯುಕ್ತಿ ಆಗ ಹೊಸದೂ ಆಗಿರಲಿಲ್ಲ. 1857ರ ದಂಗೆಯಾದ ಮರುವರ್ಷವೇ ನೇಟಿವ್ ಸಿಪಾಯಿಗಳಿಗೆಂದು ಎನ್‌ಫೀಲ್ಡ್ ಬಂದೂಕಿನ ಗೆರೆಯಿಲ್ಲದ ಮಾದರಿಯೊಂದು ತಯಾರಾಗಿತ್ತು. ಆಳುವವರಿಗೆ ತಮ್ಮ ಸೇವಕರ ಮೇಲೆಯೇ ಇದ್ದ ಅಪನಂಬಿಕೆಯನ್ನು ಕಡತಗಳಲ್ಲಿ ಹುಡುಕುವವರು ಹುಡುಕಲಿ. ಆ ನಳಿಕೆಯೊಳಗೆ ಅದು ಕಣ್ಣಿಗೇ ಕಾಣುತ್ತದೆ.

ಇಲ್ಲಿ ನಮ್ಮ ನಾಡಿನದೇ ಒಂದು ಮಾತು ಬರುತ್ತದೆ. ಕೊಡಗಿನ ಮನೆಗಳಲ್ಲಿ ಅಜ್ಜನ ಕಾಲದ ಕೋವಿ ಇಂದಿಗೂ ಕೈಲ್ ಪೊಳ್ದಿನ ದಿನ ಪೂಜೆಗೊಳ್ಳುತ್ತದೆ. 1861ರಲ್ಲಿ ಅವರಿಗೆ ನಿಶ್ಶಸ್ತ್ರೀಕರಣದ ಕಾನೂನಿನಿಂದ ವಿನಾಯಿತಿ ಸಿಕ್ಕಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು ಮತ್ತೆ 2029ರವರೆಗೆ ಮುಂದುವರಿಸಿತು. ನಮ್ಮ ಕಡೆಯ ಕಥೆ ಬೇರೆ. 1857ರ ಕೊನೆಗೆ ಶಸ್ತ್ರ ಒಪ್ಪಿಸಬೇಕೆಂಬ ಅಪ್ಪಣೆ ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಲ್ಲೆವೆಂದರು. ಬೇಡನಿಗೆ ಆಯುಧವೆಂದರೆ ಬೇಟೆಯ, ಕಾವಲಿನ, ಮಾನದ ಸಾಧನ. ಅದನ್ನು ಕೊಟ್ಟ ಮೇಲೆ ಅವನಿಗೆ ಉಳಿಯುವುದೇನು? ದಂಡು ಬಂತು, ಊರಿಗೆ ಬೆಂಕಿ ಬಿತ್ತು; ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. ಅವರ ಬಂದೂಕು ಉಳಿಯಲಿಲ್ಲ, ಹಾಡು ಉಳಿಯಿತು. ಅದನ್ನು ಬರೆದುಕೊಂಡು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದವನು ಅದೇ ಸರಕಾರದ ಅಧಿಕಾರಿಯೂ ನಮ್ಮ ಶಾಸನಗಳ ಹಿರಿಯ ಓದುಗನೂ ಆದ ಜೆ. ಎಫ್. ಫ್ಲೀಟ್ ಎಂಬುದು ವಿಚಿತ್ರವಾದರೂ ನಿಜ. ಹೀಗಾಗಿ ಧಾರವಾಡ ಸೀಮೆಯಲ್ಲಿ ಹಳೆಯ ರೈಫಲೊಂದು ಎದುರಾದರೆ ಅದು ಮನೆತನದ ವಸ್ತುವಾಗಿರುವುದಕ್ಕಿಂತ ಸರಕಾರದ ವಸ್ತುವಾಗಿರುವ ಸಂಭವವೇ ಹೆಚ್ಚು. 1942ರಲ್ಲಿ ಹುಬ್ಬಳ್ಳಿಯ ಬೀದಿಯಲ್ಲಿ ಪೋಲೀಸರ ಗುಂಡಿಗೆ ಬಿದ್ದ ಬಾಲಕ ನಾರಾಯಣ ಡೋಣಿಯ ಹೆಸರನ್ನು ಬಲ್ಲವರು ಅಂಥ ವಸ್ತುವನ್ನು ಬರಿಯ ಕುತೂಹಲದಿಂದ ನೋಡಲಾರರು.

ಜೀರ್ಣೋದ್ಧಾರದ ಮಾತಿಗೆ ಬರೋಣ. ಮೊದಲು ಕಾನೂನು. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಬಂದೂಕು ಇಟ್ಟುಕೊಳ್ಳುವುದಕ್ಕಷ್ಟೇ ಅಲ್ಲ, ದುರಸ್ತಿಯ ಉದ್ಯೋಗಕ್ಕೂ ಪರವಾನಗಿ ಬೇಕು; 303 ಅಂತೂ ಸಾಮಾನ್ಯ ನಾಗರಿಕರಿಗೆ ನಿಷಿದ್ಧವಾದ ವ್ಯಾಸದ್ದು. ಪುರಾತನವೆಂಬ ವಿನಾಯಿತಿ ಸಿಗುವುದು ರಿಪೇರಿ ಮಾಡಿದರೂ ಹಾರಲಾರದ ಆಯುಧಕ್ಕೆ ಮಾತ್ರ. ಆದುದರಿಂದ ಅಟ್ಟದ ಮೇಲೆ ಇಂಥದೇನಾದರೂ ಸಿಕ್ಕರೆ ಎಣ್ಣೆ ಬಟ್ಟೆ ಹುಡುಕುವ ಮೊದಲು ಪೋಲೀಸು ಠಾಣೆಗೆ ತಿಳಿಸುವುದು ಒಳಿತು. ಕೆಳಗಿನ ಮಾತುಗಳು ವಸ್ತುಸಂಗ್ರಹಾಲಯಗಳಿಗೆ, ಶಸ್ತ್ರಾಗಾರಗಳಿಗೆ, ಎನ್.ಸಿ.ಸಿ. ಕೊಠಡಿಗಳಿಗೆ ಹೊಂದುವಂಥವು. ಕವಾಯತಿಗೆಂದೇ ಕೆಡಿಸಿದ ರೈಫಲುಗಳ ಮೇಲೆ ‘ಡಿ.ಪಿ.’ ಎಂಬ ಮುದ್ರೆಯಿರುತ್ತದೆ. ಅವು ಎಂದೂ ಹಾರಿಸತಕ್ಕವಲ್ಲ.

ಹಳೆಯ ವಸ್ತುವಿಗೆ ತುಕ್ಕಿಗಿಂತ ದೊಡ್ಡ ಶತ್ರು ಅತ್ಯುತ್ಸಾಹಿಯಾದ ಭಕ್ತ. ಉಪ್ಪುಕಾಗದ ಹಿಡಿದು ತಿಕ್ಕಿದರೆ ಉಕ್ಕು ಥಳಥಳಿಸುತ್ತದೆ, ನಿಜ. ಆದರೆ ಕಿರೀಟವೂ ವರ್ಷವೂ ಪರೀಕ್ಷಕರ ಮುದ್ರೆಯೂ ಆ ಹೊಳಪಿನೊಡನೆ ಹೊರಟುಹೋಗುತ್ತವೆ. ಶಾಸನದ ಕಲ್ಲನ್ನು ಉಳಿಯಿಂದ ಕೆತ್ತಿ ನುಣುಪು ಮಾಡಿದವನನ್ನು ನಾವು ಕ್ಷಮಿಸುತ್ತೇವೆಯೆ? ತುಕ್ಕಿಗೆ ತೆಳುವಾದ ಎಣ್ಣೆ ಸವರಿ ಒಂದೆರಡು ದಿನ ಬಿಟ್ಟು, ಉಕ್ಕಿಗಿಂತ ಮೆತ್ತಗಿರುವ ಹಿತ್ತಾಳೆಯ ಚೂರಿನಿಂದ ಮೆಲ್ಲಗೆ ಕೆರೆಯಬೇಕು. ಗಟ್ಟಿಗೊಂಡ ಹಳೆಯ ಗ್ರೀಸಿಗೆ ಸೀಮೆಯೆಣ್ಣೆ ಸಾಕು. ನಳಿಕೆಯ ಒಳಗಿನ ಮಾತು ಬೇರೆ. ಹಳೆಯ ತೋಟೆಗಳ ಕಿಡಿಮದ್ದು ಸುಟ್ಟ ಮೇಲೆ ಒಂದು ಬಗೆಯ ಉಪ್ಪು ಉಳಿದು, ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗದು, ನೀರಿನಲ್ಲಿ ಕರಗುತ್ತದೆ. ಅದಕ್ಕಾಗಿಯೇ ಸಿಪಾಯಿಗಳು ನಳಿಕೆಗೆ ಕುದಿಯುವ ನೀರು ಹೊಯ್ದು, ಒರೆಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದರು.

ಮರಕ್ಕೆ ವಾರ್ನಿಷು ಬಳಿಯುವುದು ಅಂಗಡಿಯ ಕುರ್ಚಿಗೆ ಮಾಡುವ ಕೆಲಸ. ಲಂಡನ್ನಿನಿಂದ ಲಾಹೋರಿನವರೆಗೆ ಈ ರೈಫಲುಗಳ ಮರ ಕುಡಿದು ಬೆಳೆದ ಎಣ್ಣೆ ಒಂದೇ, ನಮ್ಮ ಅಗಸೆ ಎಣ್ಣೆ. ರೊಟ್ಟಿಯ ಜೊತೆ ಅಗಸೀ ಹಿಂಡಿ ತಿಂದು ಬೆಳೆದ ಧಾರವಾಡದವನಿಗೆ ಇದನ್ನು ಕೇಳಿ ನಗು ಬಂದರೆ ತಪ್ಪಲ್ಲ. ಹಸಿ ಅಗಸೆ ಎಣ್ಣೆಯನ್ನು ಅಂಗೈಯಿಂದ ಬಿಸಿಯಾಗುವಂತೆ ಉಜ್ಜಿ, ಹೆಚ್ಚಿದ್ದನ್ನು ಒರೆಸಿ, ಆರಲು ಬಿಡಬೇಕು. ಕೆಲವು ದಿನ ಬಿಟ್ಟು ಮತ್ತೆ. ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು; ಅದು ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಮರದ ಮೇಲಿನ ಕಚ್ಚು, ಗೀರು, ಯಾವನೋ ಸಿಪಾಯಿ ಮೊಳೆಯಿಂದ ಕೊರೆದ ಗುರುತು, ಇವನ್ನು ಹಾಗೆಯೇ ಬಿಡಬೇಕು.

ಈಶಾಪುರದ 303ಕ್ಕೆ 1962ರ ಚೀನೀ ಯುದ್ಧದ ನಂತರ 7.62 ಮಿಲಿಮೀಟರಿನ ತಮ್ಮನೊಬ್ಬ ಹುಟ್ಟಿದನು. ನೋಡಲು ಅಣ್ಣನಂತೆಯೇ, ಮ್ಯಾಗಜೀನು ಮಾತ್ರ ಚೌಕ. ಉತ್ತರ ಪ್ರದೇಶದ ಪೋಲೀಸರು 2020ರ ಗಣರಾಜ್ಯ ದಿನದಂದು 303ಕ್ಕೆ ವಿದಾಯ ಹೇಳಿದರು. ಹೀಗೆ ನಿವೃತ್ತವಾದ ಒಂದೆರಡು ಯಾವುದಾದರೂ ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯನ್ನು ಸೇರಿದಾಗ, ಪಕ್ಕದ ಚೀಟಿಯಲ್ಲಿ ‘ಹಳೆಯ ಬಂದೂಕು’ ಎಂದಷ್ಟೇ ಬರೆಯದಿರಲಿ. ಕಾರಖಾನೆ, ವರ್ಷ, ಸಂಖ್ಯೆ, ಬೋಲ್ಟಿನ ಸಂಖ್ಯೆ ಕೂಡುತ್ತದೆಯೋ ಇಲ್ಲವೋ ಎಂಬುದು, ನಳಿಕೆಯಲ್ಲಿ ಗೆರೆಗಳಿವೆಯೋ ಕೊರೆದು ತೆಗೆದಿದ್ದಾರೋ ಎಂಬುದು, ಇಷ್ಟಕ್ಕೆ ಅಂಚೆ ಕಾರ್ಡಿನಷ್ಟು ಜಾಗ ಸಾಕು.