ಎಲ್‌ಪಿ ತಟ್ಟೆಯೊಳಗಿನ ಈಕ್ವಲೈಸರ್

ಮನೆಯಲ್ಲಿದ್ದ ಹಳೆಯ ಎಲ್‌ಪಿಗಳನ್ನು ಕಂಪ್ಯೂಟರಿಗೆ ಏರಿಸಲು ಹೊರಟ ಓದುಗರೊಬ್ಬರು ಕೇಳಿದ್ದಾರೆ: 'ಟರ್ನ್‌ಟೇಬಲ್‌ನ ವೈರನ್ನು ನೇರವಾಗಿ ಲೈನ್ ಇನ್‌ಪುಟ್ಟಿಗೆ ಸಿಕ್ಕಿಸಿದೆ. ಹಾಡು ಕ್ಷೀಣವಾಗಿದೆ, ಮೃದಂಗದಲ್ಲಿ ಗುಮುಕಿಯೇ ಇಲ್ಲ, ತಾಳದ ಸದ್ದು ಮಾತ್ರ ಕಿವಿ ಚುಚ್ಚುತ್ತದೆ. ತಟ್ಟೆ ಹಾಳಾಗಿದೆಯೇ?'

ತಟ್ಟೆಗೆ ಏನೂ ಆಗಿಲ್ಲ. ಎಲ್‌ಪಿಯಲ್ಲಿ ಸಂಗೀತವನ್ನು ಇದ್ದ ಹಾಗೆ ಕೊರೆಯುವುದೇ ಇಲ್ಲ. ಕೊರೆಯುವಾಗಲೇ ಈಕ್ವಲೈಸರ್ ಬೇಸನ್ನು ತಗ್ಗಿಸಿ ಟ್ರೆಬಲ್ಲನ್ನು ಏರಿಸಿರುತ್ತದೆ. 1000 ಹರ್ಟ್ಸ್‌ಗೆ ಹೋಲಿಸಿದರೆ 20 ಹರ್ಟ್ಸ್ ಸುಮಾರು 20 ಡೆಸಿಬೆಲ್ ಕೆಳಗೆ, 20,000 ಹರ್ಟ್ಸ್ ಹೆಚ್ಚುಕಡಿಮೆ ಅಷ್ಟೇ ಮೇಲೆ. 20 ಡೆಸಿಬೆಲ್ ಎಂದರೆ ವೋಲ್ಟೇಜಿನಲ್ಲಿ 10 ಪಟ್ಟು.

ಬೇಸ್ ಸ್ವರವನ್ನು ತಗ್ಗಿಸದಿದ್ದರೆ ಕೊರೆಯುವ ಮುಳ್ಳು ಅಗಲವಾಗಿ ಅತ್ತಿತ್ತ ಓಲಾಡಬೇಕು. ಹದ ತಪ್ಪಿದ ನೇಗಿಲು ಪಕ್ಕದ ಸಾಲಿಗೆ ನುಗ್ಗುವಂತೆ ಅದು ಪಕ್ಕದ ಗೀರನ್ನು ಕೆಡಿಸುತ್ತದೆ. ಗೀರುಗಳನ್ನು ದೂರದೂರ ಕೊರೆದರೆ ಒಂದು ಬದಿಯಲ್ಲಿ ಇಪ್ಪತ್ತು ನಿಮಿಷದ ಹಾಡು ಹಿಡಿಸುವುದಿಲ್ಲ. ಟ್ರೆಬಲ್ಲಿನ ಉಪಾಯ ಇನ್ನೂ ಸೊಗಸು. ಮುಳ್ಳು ತಟ್ಟೆಯನ್ನು ಉಜ್ಜುವಾಗ ಏಳುವ 'ಸ್‌ಸ್' ಸದ್ದು ಕಿರಿಕಿರಿ ಮಾಡುವುದು ಮೇಲಿನ ಆವರ್ತನಗಳಲ್ಲಿ. ಟ್ರೆಬಲ್ಲನ್ನು ಮೊದಲೇ ಏರಿಸಿಟ್ಟು ನುಡಿಸುವಾಗ ಅಷ್ಟೇ ಇಳಿಸಿದರೆ ಸಂಗೀತ ತನ್ನ ಮಟ್ಟಕ್ಕೆ ಮರಳುತ್ತದೆ. ಉಜ್ಜುವ ಸದ್ದು ಮಾತ್ರ ಅಡಗಿಹೋಗುತ್ತದೆ! ಆಂಪ್ಲಿಫೈಯರಿನ 'ಫೋನೋ' ಇನ್‌ಪುಟ್ ಟ್ರೆಬಲ್ಲನ್ನು ಹೀಗೆ ಇಳಿಸಿ, ತಗ್ಗಿಸಿಟ್ಟ ಬೇಸನ್ನು ಮತ್ತೆ ಏರಿಸುತ್ತದೆ. ಜೊತೆಗೆ ಕಾರ್ಟ್ರಿಜ್ ಕೊಡುವ ಕೆಲವೇ ಮಿಲಿವೋಲ್ಟನ್ನು ಹಿಗ್ಗಿಸುತ್ತದೆ. ಟರ್ನ್‌ಟೇಬಲ್ ಮತ್ತು ಕಂಪ್ಯೂಟರಿನ ನಡುವೆ ಇದೇ ಕೆಲಸ ಮಾಡುವ ಒಂದು ಫೋನೋ ಪ್ರಿಆಂಪ್ ಇಟ್ಟರೆ ಗುಮುಕಿ ಕೇಳಿಸುತ್ತದೆ.

ಯಾವ ಆವರ್ತನವನ್ನು ಎಷ್ಟು ಏರಿಸಬೇಕು, ಎಷ್ಟು ತಗ್ಗಿಸಬೇಕು ಎಂಬುದನ್ನು ತೋರಿಸುವ ರೇಖೆ ಮೊದಲು ಎಲ್ಲರದ್ದೂ ಒಂದೇ ಆಗಿರಲಿಲ್ಲ. 1948ರಲ್ಲಿ ಎಲ್‌ಪಿ ತಂದ ಕೊಲಂಬಿಯಾದ್ದು ಒಂದು ರೇಖೆ, ಆರ್‌ಸಿಎ ಕಂಪನಿಯದ್ದು ಇನ್ನೊಂದು. ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘವಾದ ಆರ್‌ಐಎಎ 1954ರಲ್ಲಿ ಒಂದನ್ನು ಗೊತ್ತುಮಾಡಿತು. ಉಳಿದವರೂ ಕ್ರಮೇಣ ಅದಕ್ಕೆ ಬಂದರು.

ನನ್ನ ತಕರಾರಿರುವುದು 78 ಆರ್‌ಪಿಎಂ ತಟ್ಟೆಗಳ ವಿಷಯದಲ್ಲಿ. ಬಹುಪಾಲು ಈ ರೇಖೆಗಿಂತ ಹಳೆಯವು. 1925ರಲ್ಲಿ ಧ್ವನಿಮುದ್ರಣಕ್ಕೆ ಮೈಕ್ರೊಫೋನ್ ಬರುವ ಮೊದಲು ಕೊಂಬಿನೆದುರು ಹಾಡಿ ಕೊರೆದವಕ್ಕಂತೂ ಯಾವ ಈಕ್ವಲೈಸರೂ ಇರಲಿಲ್ಲ. ಅವನ್ನೂ ಫೋನೋ ಇನ್‌ಪುಟ್ಟಿಗೆ ಕೊಟ್ಟರೆ, ಯಾರೂ ಏರಿಸದ ಟ್ರೆಬಲ್ ಸುಮ್ಮನೆ ಕತ್ತರಿಸಿಹೋಗುತ್ತದೆ. ಗಾಯಕಿಯ 'ಸ', 'ಶ'ಗಳು ಮಂಕಾಗುತ್ತವೆ. ಆಮೇಲೆ ಕರಕರ ಸದ್ದು ತೆಗೆಯುವ ಹುಮ್ಮಸ್ಸಿನಲ್ಲಿ ಉಳಿದದ್ದನ್ನೂ ಸವರಿ 'ರೀಮಾಸ್ಟರ್ಡ್' ಎಂದು ಚೀಟಿ ಅಂಟಿಸುತ್ತಾರೆ. ಕೇಳಿದಾಗ ಸಂಕಟವಾಗುತ್ತದೆ. ಇಂಥ ತಟ್ಟೆ ಕೈಯಲ್ಲಿದ್ದವರು ಮೊದಲು ಈಕ್ವಲೈಸರ್ ಇಲ್ಲದ ಒಂದು ಪ್ರತಿ ತೆಗೆದಿಡಲಿ, ಕರಕರ ಸದ್ದಿನ ಸಮೇತ. ಆ ಕಂಪನಿಯ, ಆ ಕಾಲದ ರೇಖೆ ಯಾವುದೆಂದು ಹುಡುಕಿ ಸಾಫ್ಟ್‌ವೇರಿನಲ್ಲಿ ನಿಧಾನವಾಗಿ ಹಾಕಿಕೊಳ್ಳಬಹುದು.