ನಿಮ್ಮ ಕುದುರೆಯನ್ನು ಬೇರೆಯವರ ಲಾಯದಲ್ಲಿ ಬಿಡುವ ಮುಂಚೆ



ಬ್ಯಾಂಕಿನ ಗುಮಾಸ್ತನಿಗೂ ಕುದುರೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. 1980ರ ದಶಕದಲ್ಲಿ ಐ.ಆರ್.ಡಿ.ಪಿ. ಯೋಜನೆಯಲ್ಲಿ ಎಮ್ಮೆಗೆ, ಕುರಿಗೆ, ಹೊಲಿಗೆ ಯಂತ್ರಕ್ಕೆ ಸಾಲ ಕೊಟ್ಟ ಹಾಗೆ ಟಾಂಗಾ ಕುದುರೆಗೂ ಸಾಲ ಕೊಡುತ್ತಿದ್ದರು. ಘಟ್ಟದ ಮೇಲಿನ ಒಂದು ಶಾಖೆಯಲ್ಲಿ ಆ ಸಾಲದ ಕಾಗದ ಪತ್ರ ಬರೆಯುವ ಮೇಜು ನನ್ನದಾಗಿತ್ತು. ಕುದುರೆ ಹತ್ತಿದವನಲ್ಲ ನಾನು, ಆದರೆ ಕುದುರೆ ಸಾಕಿದವರ ಲೆಕ್ಕ ಇಟ್ಟವನು.

ಈಗ ಟಾಂಗಾ ಹೆಚ್ಚು ಕಡಿಮೆ ಹೋಯಿತು. ಆದರೂ ಗೋವೆಯ ಸತ್ತರಿ, ಸಾಂಗೇ, ಕಾಣಕೋಣದ ಕಡೆಯವರೂ ಘಟ್ಟದ ಮೇಲೆ ಖಾನಾಪುರ, ಜೋಯಿಡಾದವರೂ ಆದ ನಮ್ಮ ಕೇಳುಗರಲ್ಲಿ ಮದುವೆ ಮೆರವಣಿಗೆಗೆಂದು ಒಂದು ಕುದುರೆ ಕಟ್ಟಿಕೊಂಡವರು ಇದ್ದೀರಿ. ಆಷಾಢ ಬಂತೆಂದರೆ ತುಳಸಿ ಲಗ್ನದವರೆಗೆ ನಿಮ್ಮ ಘೋಡೊಗೆ ಕೆಲಸವಿಲ್ಲ, ನಿಮಗೆ ಗದ್ದೆ ಕೆಲಸ. ಅಥವಾ ಮನೆಯಲ್ಲಿ ಕಾಯಿಲೆ, ಊರಿಗೆ ಹೋಗಬೇಕು. ಆಗ ಕುದುರೆಯನ್ನು ಯಾರಲ್ಲಿ ಬಿಡುವುದು? ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ರಸೀದಿ ಕೊಡುತ್ತಾರೆ. ಇದು ತಿನ್ನುವ, ಕುಡಿಯುವ, ಒದೆಯುವ ಠೇವಣಿ.

ಮೊದಲು ಜಾಗ ನೋಡಿ. ಬಿಸಿಲಿನಲ್ಲಿ ಎಲ್ಲ ಲಾಯವೂ ಚೆಂದವೇ. ಜೋರು ಮಳೆ ಬಂದ ದಿನ, ಹೇಳದೆ ಹೋಗಿ ನೋಡಿ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ನಾಡು ಇದು. ಕಾಲಡಿ ಕೆಸರು, ಮೂತ್ರ ನಿಂತರೆ ಗೊರಸಿನ ಒಳಭಾಗ ಕೊಳೆಯುತ್ತದೆ. ಕಣ್ಣು ಉರಿಯುವಷ್ಟು ಮೂತ್ರದ ವಾಸನೆ ಇದ್ದರೆ ಅಲ್ಲಿಂದಲೇ ತಿರುಗಿ ಬನ್ನಿ. ನಮ್ಮ ನಾಟಿ ಕುದುರೆಗೆ 10 ಅಡಿ ಉದ್ದ, 10 ಅಡಿ ಅಗಲದ ಜಾಗವಾದರೂ ಬೇಕು. ಮಲಗಿ ಏಳಲು ಬರಬೇಕು. ನನ್ನನ್ನು ಕೇಳಿದರೆ, ಸಾಧ್ಯವಿದ್ದವರು ಮಳೆಗಾಲದ ನಾಲ್ಕು ತಿಂಗಳು ಘಟ್ಟ ಏರಿಸಿ ಪೂರ್ವದ ಕಡೆ ಇಡುವುದೇ ಒಳ್ಳೆಯದು. ಖಾನಾಪುರ ದಾಟಿ ಪೂರ್ವಕ್ಕೆ ಹೋದಷ್ಟೂ ಮಳೆ ಕಡಿಮೆ. ಲಾರಿಯಲ್ಲಿ ಒಯ್ಯುವಾಗ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಜೊತೆಗಿರಲಿ. 1978ರ ಪ್ರಾಣಿ ಸಾಗಾಣಿಕೆ ನಿಯಮ ಅದನ್ನು ಕೇಳುತ್ತದೆ.

ಜಾಗಕ್ಕಿಂತ ದೊಡ್ಡದು ಮೇವಿನ ಮಾತು. ನಮ್ಮಲ್ಲಿ ಹೆಚ್ಚಿನವರು ದನ ಕಟ್ಟಿ ಅಭ್ಯಾಸವಾದವರು, ಕುದುರೆಯನ್ನೂ ದನದಂತೆಯೇ ನೋಡುತ್ತಾರೆ. ಅಲ್ಲೇ ತಪ್ಪುವುದು. ಕುದುರೆ ಮೆಲುಕು ಹಾಕುವುದಿಲ್ಲ. ಅದರ ಜಠರ ಮೈಗೆ ಹೋಲಿಸಿದರೆ ಸಣ್ಣದು, ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಮೇಯಬೇಕು. ಎಲ್ಲಕ್ಕಿಂತ ಮುಖ್ಯ, ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಗೆ ಹೋದದ್ದು ಮುಂದಕ್ಕೇ ಹೋಗಬೇಕು, ಹೋಗದಿದ್ದರೆ ಹೊಟ್ಟೆಶೂಲೆ. ಎಮ್ಮೆ ತಿಂದು ಅರಗಿಸಿಕೊಳ್ಳುವ ಮುಗ್ಗಿದ ಹುಲ್ಲು ಕುದುರೆಯನ್ನು ಕೊಲ್ಲಬಲ್ಲದು. ಕೋಳಿ ಆಹಾರದಲ್ಲಿಯೂ ಕೆಲವು ದನದ ಆಹಾರದಲ್ಲಿಯೂ ಮೊನೆನ್ಸಿನ್ ಎಂಬ ಔಷಧಿ ಬೆರೆಸುತ್ತಾರೆ. ಕುದುರೆಯ ಹೃದಯಕ್ಕೆ ಅದು ವಿಷ. ಆದ್ದರಿಂದ ಲಾಯದವನ ಮೇವಿನ ಕೋಣೆಗೆ ಹೋಗಿ, ಹುಲ್ಲಿನ ಕಂತೆಯೊಳಗೆ ಕೈ ಹಾಕಿ ಮೂಸಿ ನೋಡಿ. ನಾಚಿಕೆ ಬೇಡ. 300 ಕಿಲೋ ತೂಕದ ಕುದುರೆಗೆ ದಿನಕ್ಕೆ ಸುಮಾರು 6 ಕಿಲೋ ಒಣ ಮೇವು, 20ರಿಂದ 30 ಲೀಟರ್ ನೀರು ಬೇಕು. ಅವರು ಹೇಳುವ ಬಾಡಿಗೆಯನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಿ. ಮೇವಿನ ಖರ್ಚಿಗೂ ಸಾಲದಷ್ಟು ಕಡಿಮೆ ಬಾಡಿಗೆ ಹೇಳಿದರೆ, ಕಡಿಮೆಯಾಗುವುದು ಯಾರ ಹೊಟ್ಟೆಗೆ?

ಹುರುಳಿಯ ವಿಷಯಕ್ಕೆ ಒಂದು ಸಂಗತಿ ಹೇಳಬೇಕು. 1988ರ ಸುಮಾರಿಗೆ ನಮ್ಮ ಶಾಖೆಯ ಸಾಲಗಾರನೊಬ್ಬ, ಟಾಂಗಾದವನು, ತಾಯಿಯ ಚಿಕಿತ್ಸೆಗೆಂದು ಮಿರಜಿಗೆ ಹೋಗುವಾಗ ಕುದುರೆಯನ್ನು ಪರಿಚಯದವರ ಹಿತ್ತಲಲ್ಲಿ ಬಿಟ್ಟು ಹೋದ. ಅವರು ಕೆಟ್ಟವರಲ್ಲ. ಕುದುರೆ ಬಡಕಲಾಗಿದೆ ಎಂದು ಕನಿಕರಪಟ್ಟು ನೆನೆಸಿದ ಹುರುಳಿ, ಗೋಧಿ ಬುಟ್ಟಿಗಟ್ಟಲೆ ಹಾಕಿದರು. ಮೂರನೆಯ ರಾತ್ರಿ ಅದು ನೆಲಕ್ಕೆ ಬಿದ್ದು ಹೊರಳಾಡಿತು. ಬೆಳಿಗ್ಗೆ ಸತ್ತಿತ್ತು. ವಾಸನೆ ಬರುವ ಮುಂಚೆ ಎಂದು ಮಧ್ಯಾಹ್ನಕ್ಕೆ ಹೂಳಿಬಿಟ್ಟರು, ಆಮೇಲೆ ಕಾಗದ ಬರೆದರು. ಕುದುರೆಗೆ ವಿಮೆ ಇತ್ತು. ಆದರೆ ವಿಮೆಗೆ ತಕ್ಷಣ ತಿಳಿಸಬೇಕು, ಪಶುವೈದ್ಯರು ಹೆಣ ನೋಡಿ ಸರ್ಟಿಫಿಕೇಟ್ ಕೊಡಬೇಕು. ಎರಡೂ ಇಲ್ಲ. ಹಣ ಬರಲಿಲ್ಲ. ಬಾಕಿ ಕಟ್ಟಲು ಅವನಿಗೆ ನೋಟೀಸು ಟೈಪ್ ಮಾಡಿದವನು ನಾನೇ. ನೋಟೀಸು ಹಿಡಿದುಕೊಂಡು ಬಂದು ಬೆಂಚಿನ ಮೇಲೆ ಕೂತು, "ಕುದುರಿ ಸತ್ತೈತ್ರಿ ಸಾಹೇಬ್ರ, ಸಾಲ ಸತ್ತಿಲ್ಲೇನ್ರಿ?" ಎಂದು ಕೇಳಿದ. ನಾನು ಲೆಡ್ಜರ್ ನೋಡುತ್ತಾ ಕೂತೆ. ಹಮಾಲಿ ಮಾಡಿ ನಾಲ್ಕು ವರ್ಷದಲ್ಲಿ ತೀರಿಸಿದ.

16ನೇ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಒಂದು ವಿಷಯ ಬರೆದಿಟ್ಟಿದ್ದಾನೆ. ಹಡಗಿನಲ್ಲಿ ಬರುವಾಗ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು, ಅರಸ ಸಾಳುವ ನರಸಿಂಹ ಬದುಕಿದ ಕುದುರೆಯಷ್ಟೇ ಬೆಲೆ ಕೊಡುತ್ತಿದ್ದನಂತೆ. ಅರಬ್ಬೀ ಕುದುರೆಗಳು ಆಗ ಇಳಿಯುತ್ತಿದ್ದ ಬಂದರುಗಳಲ್ಲಿ ನಮ್ಮ ಗೋವೆಯೂ ದೊಡ್ಡದು. ನಮ್ಮ ಟಾಂಗಾದವನ ಕೈಯಲ್ಲಿ ಆ ಬಾಲವೂ ಇರಲಿಲ್ಲ.

ಹಾಗಾಗಿ ಬರೆದುಕೊಳ್ಳಿ. ಛಾಪಾ ಕಾಗದ ಬೇಡ, ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಬಿಟ್ಟ ದಿನಾಂಕ, ಕುದುರೆಯ ಬಣ್ಣ, ಹಣೆಯ ಬಿಳಿ ಮಚ್ಚೆ, ಮೈಮೇಲಿನ ಸುಳಿಗಳು. (ಸುಳಿ ನೋಡಿ ಶುಭ ಅಶುಭ ಹೇಳುವುದನ್ನು ನಾನು ನಂಬುವುದಿಲ್ಲ, ಆದರೆ ಗುರುತಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.) ಎಷ್ಟು ಹುಲ್ಲು, ಎಷ್ಟು ಹುರುಳಿ. ವೈದ್ಯರನ್ನು ಯಾರು ಕರೆಯಬೇಕು, ಫೀ ಯಾರದು. ಸತ್ತರೆ ನಿಮಗೆ ಫೋನ್ ಮಾಡದೆ ಹೂಳಬಾರದು. ಇಬ್ಬರ ಸಹಿ. ಬಾಡಿಗೆಯನ್ನು ತಿಂಗಳು ತಿಂಗಳು ಕೊಡಿ. ನಾಲ್ಕು ತಿಂಗಳಿನದು ಒಮ್ಮೆಲೇ ಕೊಟ್ಟರೆ ನಿಮ್ಮ ಹಿಡಿತ ಹೋಯಿತು.

ಆ ಲಾಯದಲ್ಲಿ ಬೇರೆ ಕುದುರೆಗಳಿದ್ದರೆ ಅವುಗಳ ಮೂಗು, ಕಾಲು ನೋಡಿ. ಮೂಗಿನಿಂದ ಅಂಟು ಸಿಂಬಳ, ಕಾಲ ಮೇಲೆ ಗಂಟು, ಹುಣ್ಣು ಇದ್ದರೆ ಗ್ಲಾಂಡರ್ಸ್ ಇರಬಹುದು. ಒಂದೇ ತೊಟ್ಟಿಯ ನೀರಿನಿಂದ ಹರಡುತ್ತದೆ, ಮನುಷ್ಯರಿಗೂ ತಗಲುತ್ತದೆ. 2009ರ ಕಾಯದೆಯ ಪ್ರಕಾರ ಅದನ್ನು ಸರಕಾರಕ್ಕೆ ತಿಳಿಸಲೇಬೇಕು. ರಕ್ತ ಪರೀಕ್ಷೆ ಹರಿಯಾಣದ ಹಿಸಾರ್‌ನ ಕುದುರೆ ಸಂಶೋಧನಾ ಕೇಂದ್ರದಲ್ಲಿ ಆಗುತ್ತದೆ, ಖಚಿತವಾದ ಕುದುರೆಯನ್ನು ಉಳಿಸುವುದಿಲ್ಲ. ಹೊಸದಾಗಿ ಬಂದ ಕುದುರೆಯನ್ನು ಕೆಲವು ದಿನ ಬೇರೆ ಕಟ್ಟುತ್ತೀರಾ, ಬೇರೆ ಬಕೆಟ್ಟಿನಲ್ಲಿ ನೀರು ಕೊಡುತ್ತೀರಾ ಎಂದು ಕೇಳಿ. "ಬೇರೆ ಯಾಕ್ರೀ?" ಎಂದು ನಕ್ಕವರಲ್ಲಿ ಬಿಡಬೇಡಿ. ಧನುರ್ವಾಯುವಿನ ಚುಚ್ಚುಮದ್ದು ನೀವು ಮೊದಲೇ ಹಾಕಿಸಿ.

ಲಾಳ ಕಟ್ಟುವವನು ಹತ್ತಿರದಲ್ಲಿ ಇದ್ದಾನೆಯೇ ಎಂಬುದನ್ನೂ ವಿಚಾರಿಸಿ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಇನ್ನು ಬಿಡುವ ದಿನ ನಿಮ್ಮ ಮನೆಯ ಮೇವು ಒಂದು ವಾರಕ್ಕಾಗುವಷ್ಟು ಜೊತೆಗೆ ಒಯ್ಯಿರಿ. ಹೊಸ ಹುಲ್ಲನ್ನು ಅದರಲ್ಲಿ ದಿನಾ ಸ್ವಲ್ಪ ಸ್ವಲ್ಪ ಬೆರೆಸಿ ರೂಢಿ ಮಾಡಿಸಲು ಹೇಳಿ. ಮೊದಲ ಎರಡು ದಿನ ನೀವೇ ಹತ್ತಿರದಲ್ಲಿ ಉಳಿದುಕೊಂಡು, ಬೆಳಿಗ್ಗೆ ಎದ್ದ ಕೂಡಲೇ ಲದ್ದಿ ಹಾಕಿದೆಯೇ ಎಂದು ನೋಡಿ, ಆಮೇಲೆ ಬಸ್ಸು ಹತ್ತಿ.